ಬೀದಿದೀಪದ ಬಿಡುಗಡೆ

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ,
ಲಗ್ಗೆರೆ ಶಾಖಾ ಗ್ರಂಥಾಲಯದ ಮೇಲ್ಮಹಡಿ,
ನನ್ನ ಹೊಸ ಪುಸ್ತಕ: ಬೀದಿದೀಪಕ್ಕೆ ನಿದ್ದೆ ಬಂತು,
ಬೆಲೆ ತೊಂಬತ್ತು, ಅಂದು ಕೊಂಡರೆ ಅರವತ್ತು.
ಎಲ್ಲರೂ ಬನ್ನಿ, ಮಕ್ಕಳನ್ನು ಕರೆತನ್ನಿ
ಎಂದು ಬರೆದೆ. ಹೊಡೆದುಹಾಕಿ
ಮಕ್ಕಳೇ ಬನ್ನಿ, ದೊಡ್ಡವರನ್ನು ಕರೆತನ್ನಿ
ಎಂದು ಬರೆದೆ.
ಬಿಸ್ಕತ್ತು ಇದೆ ಎಂದೂ ಸೇರಿಸಿದೆ;
ಇಪ್ಪತ್ತೆರಡು ವರ್ಷದ ಅನುಭವ.

ಬಸ್ಸಿನಲ್ಲಿ ಕಂಡಕ್ಟರು ಮೂಟೆ ನೋಡಿದ.
'ನಿಮಗೆ ಫ್ರೀ ಮೇಡಂ. ಇದಕ್ಕೆ?'
'ಮಕ್ಕಳ ಪುಸ್ತಕ ಕಣಪ್ಪಾ.'
'ಹಂಗಾದ್ರೆ ಅರ್ಧ ಟಿಕೆಟ್ಟು'
ಎಂದು ನಕ್ಕು, ಅದನ್ನೂ ಹರಿಯದೆ ಮುಂದೆ ಹೋದ.
ನಲವತ್ತು ಪ್ರತಿ, ಎಂಟು ಕೆಜಿ,
ಎಂಟು ತಿಂಗಳ ಕೂಸಿನ ತೂಕ.
ಗೊರಗುಂಟೆಪಾಳ್ಯದವರೆಗೂ ತೊಡೆಯ ಮೇಲೇ ಇತ್ತು.

ಗ್ರಂಥಪಾಲಕ ತಿಪ್ಪೇಶಪ್ಪ ಮೂವತ್ತು ಕುರ್ಚಿ ಹಾಕಿಸಿದ್ದರು.
ಬಂದ ಮಕ್ಕಳು ಏಳು.
ಅದರಲ್ಲಿ ಇಬ್ಬರು ಬಿಸ್ಕತ್ತು ಮುಗಿದೊಡನೆ ಎದ್ದು ಹೋಗುವವರು,
ಮುಖ ನೋಡಿದರೇ ತಿಳಿಯುತ್ತದೆ.
ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿದ್ದರು,
ಕೊನೆಯವರೆಗೂ ಅಲ್ಲೇ ಇದ್ದರು.
ಚಿತ್ರ ಬರೆದ ಜಾಹಿದಾ ರಿಬ್ಬನ್ನು ಮರೆತು ಬಂದು
ಮಗಳ ಒಂದು ಜಡೆಯ ಟೇಪು ಬಿಚ್ಚಿ ಪುಸ್ತಕಕ್ಕೆ ಕಟ್ಟಿದಳು.
ಹಾಗಾಗಿ ಬಿಡುಗಡೆ ಮಾಡಿದ್ದು ಆ ಮಗಳೇ,
ಒಂದು ಜಡೆ ನೆಟ್ಟಗೆ, ಒಂದು ಕೆದರಿಕೊಂಡು.

ಓದಿದೆ.
ಊರಿಗೆಲ್ಲ ಬೆಳಕು ಕೊಟ್ಟೂ ಕೊಟ್ಟೂ
ಕತ್ತಲೆ ಹೇಗಿರುತ್ತದೆಂದು ನೋಡಿಯೇ ಇರದ ಕಂಬ.
ಕೊನೆಗೊಂದು ರಾತ್ರಿ ಚಂದ್ರ ಕೆಳಗಿಳಿದು
'ಇವತ್ತು ನನ್ನ ಪಾಳಿ, ನೀನು ಮಲಗು' ಎನ್ನುತ್ತಾನೆ.
ಕಂಬ ಕಣ್ಣು ಮುಚ್ಚುತ್ತದೆ.
ಹದಿನಾರನೇ ಪುಟ, ಜಾಹಿದಾಳ ಕಡುನೀಲಿ,
ಶಾಯಿ ಕುಡಿಯಿತೆಂದು ಅಚ್ಚಿನವನು ಗೊಣಗಿದ ನೀಲಿ.
ಈ ಪುಟಕ್ಕೆ ದೊಡ್ಡವರು ಆಹಾ ಅನ್ನುತ್ತಾರೆ.
ಅಂದರು ಕೂಡ, ಇದ್ದ ಮೂವರು.

ಆಗ ಮೋನಿಷಾ, ಕುರ್ಚಿಯಿಂದ ಕಾಲು ನೆಲಕ್ಕೆ ಎಟುಕದವಳು,
'ಆಂಟಿ, ನಮ್ಮ ಬೀದೀದೂ ಮಲ್ಕೊಂಡೈತೆ' ಅಂದಳು.
'ಯಾವಾಗಿಂದ?'
'ಗಣೇಶನ ಹಬ್ಬದಿಂದ.
ಅಮ್ಮ ಗಾರ್ಮೆಂಟ್ಸಲ್ಲಿ ಓಟಿ ಮುಗಿಸಿ ಬರೋದು ಒಂಬತ್ತೂವರೆ.
ಮೋರಿ ಹತ್ರ ಕಲ್ಲು ಎದ್ದೈತೆ.
ನಾನು ಅಜ್ಜಿ ಮೊಬೈಲಲ್ಲಿ ಟಾರ್ಚು ಬಿಟ್ಕೊಂಡು ನಿಂತ್ಕೋತೀನಿ.'
'ಚಂದ್ರ ಬರ್ತಾನಲ್ಲ, ಪುಟ್ಟಿ?'
'ನಮ್ಮ ಗಲ್ಲಿಗೆ ಬರಲ್ಲ.
ಎರಡೂ ಕಡೆ ನಾಕು ನಾಕು ಫ್ಲೋರು.'

ಹದಿನೇಳು ಪುಸ್ತಕ ಬರೆದವಳು ನಾನು.
ಆನೆಯನ್ನು ಹಾರಿಸಿದ್ದೇನೆ, ಇಡ್ಲಿಗೆ ಕಾಲು ಕೊಟ್ಟು ಓಡಿಸಿದ್ದೇನೆ,
ಒಂದು ಗಲ್ಲಿಯ ಅಗಲ ಅಳೆದಿರಲಿಲ್ಲ.

ಯಾರೋ ಎರಡನೇ ಬಿಸ್ಕತ್ತಿನ ಪೊಟ್ಟಣ ಒಡೆದರು.
ಸಹಿ ಹಾಕಲು ಕೂತೆ.
'ಯಾರ ಹೆಸರಿಗೆ ಬರೀಲಿ?'
ಮೋನಿಷಾ ತನ್ನ ಹೆಸರು ಹೇಳಲಿಲ್ಲ.
'ಕಂಬಕ್ಕೆ ಬರೀರಿ' ಎಂದು
ಅದರ ನಂಬರು ಹೇಳಿದಳು, ಮಗ್ಗಿಯ ಹಾಗೆ ಬಾಯಿಪಾಠ.
ಅಮ್ಮ ಐದು ಸಲ ಫೋನು ಮಾಡಿದ್ದಳಂತೆ;
ಪ್ರತಿ ಸಲವೂ ಅವರು ಮೊದಲು ಕೇಳುವುದು ಅದನ್ನೇ.

ಬರೆದೆ, ನಂಬರು ಹಾಕಿ, ಅದರ ಕೆಳಗೆ:
ನಿದ್ದೆ ಸಾಕು, ಏಳು.
ಒಂಬತ್ತೂವರೆಗೆ ಒಬ್ಬರು ಬರುತ್ತಾರೆ.
ನನ್ನ ಸಹಿ. ಜಾಹಿದಾಳ ಸಹಿ.
ತಿಪ್ಪೇಶಪ್ಪ ಯಾರೂ ಕೇಳದೆಯೇ
ಮೇಜಿನ ಖಾನೆ ಎಳೆದು
ಗ್ರಂಥಾಲಯದ ಸೀಲು ಒತ್ತಿ, ದಿನಾಂಕ ಹಾಕಿದರು.
ಅರವತ್ತು ರೂಪಾಯಿಯನ್ನು ತಮ್ಮ ಜೇಬಿನಿಂದಲೇ ಎಣಿಸಿದರು,
ಚಿಲ್ಲರೆಯಲ್ಲಿ.

ಹನ್ನೊಂದು ಪ್ರತಿ ಹೋದವು.
ಉಳಿದದ್ದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು
ಮಟಮಟ ಮಧ್ಯಾಹ್ನದ ಬಸ್ಸಿನ ಕಿಟಕಿಯಿಂದ
ರಿಂಗ್ ರೋಡಿನುದ್ದಕ್ಕೂ ಕಂಬಗಳನ್ನು ನೋಡುತ್ತಾ ಬಂದೆ.
ಹಗಲಲ್ಲಿ ಎಲ್ಲವೂ ಒಂದೇ ಥರ.
ಯಾವುದು ಮಲಗಿದೆ, ಯಾವುದು ಕೆಟ್ಟಿದೆ,
ಇಲ್ಲಿಂದ ಹೇಳಲಾಗುವುದಿಲ್ಲ.